ಬೊಡ್ಡೆ ಹೋಗಬೇಕು, ಪಕ್ಕದ ಮರ ಉಳಿಯಬೇಕು: ಮಾಡುವುದು ಹೇಗೆ?

"ಮರ ಕಡಿಸಿ ಆಯ್ತು. ಬೊಡ್ಡೆ ಹಾಗೇ ಕೂತಿದೆ. ಪಕ್ಕದಲ್ಲೇ ಚೆನ್ನಾಗಿ ಫಲ ಕೊಡೋ ಮಾವಿನ ಮರ ಇದೆ. ಬೊಡ್ಡೆ ಕಿತ್ತರೆ ಮಾವಿಗೆ ಏನಾದ್ರೂ ಆಗುತ್ತಾ?" ಓದುಗರು ಹೆಚ್ಚು ಕಡಿಮೆ ಇದೇ ಮಾತಲ್ಲಿ ಕೇಳುತ್ತಲೇ ಇರುತ್ತಾರೆ. ಮಾವಿನ ಜಾಗದಲ್ಲಿ ಒಮ್ಮೆ ತೆಂಗು, ಒಮ್ಮೆ ಅಡಿಕೆ, ಇನ್ನೊಮ್ಮೆ ಸಪೋಟ. ಪ್ರಶ್ನೆ ಮಾತ್ರ ಅದೇ. ಹಾಗಾಗಿ ಎಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೊಡ್ಡೆ ತಾನಾಗಿ ಪಕ್ಕದ ಮರವನ್ನು ಕೆಡಿಸುವುದು ಅಪರೂಪ. ಅದನ್ನು ಕೀಳುವ ಭರದಲ್ಲಿ ಪಕ್ಕದ ಮರ ಕೆಡುವುದೇ ಜಾಸ್ತಿ. ರೋಗ ಇಲ್ಲದ ಬೊಡ್ಡೆಯನ್ನು ಬೇರು ಸಮೇತ ಕೀಳುವ ಅಗತ್ಯ ಸಾಮಾನ್ಯವಾಗಿ ಇಲ್ಲ. ನೆಲಮಟ್ಟದಿಂದ ಅರ್ಧ ಅಡಿ ಕೆಳಗೆ ಕತ್ತರಿಸಿ, ಮಣ್ಣು ಮುಚ್ಚಿ, ಉಳಿದ ಬೇರು ಅಲ್ಲೇ ಕೊಳೆಯಲು ಬಿಡಿ. ಪೂರ್ತಿ ಕೀಳಲೇಬೇಕಾದ ಸಂದರ್ಭಗಳೂ ಇವೆ: ಅಣಬೆ ರೋಗ ಬಂದು ಸತ್ತ ತೆಂಗು ಅಥವಾ ಅಡಿಕೆ, ತೆಂಗಿನ ತೋಟದೊಳಗಿನ ತೆಂಗಿನ ಬೊಡ್ಡೆ, ಮನೆ ಗೋಡೆಗೆ ಅಂಟಿದ ಬೊಡ್ಡೆ, ಮನೆಯ ಪಾಯ ಬರಬೇಕಾದ ಜಾಗ, ಪೈಪು ಹಾಯಬೇಕಾದ ಜಾಗ. ಎರಡಕ್ಕೂ ಕ್ರಮ ಕೆಳಗಿದೆ.

ಒಂದು ವಿಷಯ ತಲೆಯಲ್ಲಿರಲಿ. ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ತಾಯಿಬೇರು ಇಳಿಯಬಹುದು, ಆದರೆ ನೀರು ಗೊಬ್ಬರ ಎಳೆಯುವ ಸಣ್ಣ ಹೀರುಬೇರುಗಳು ಹೆಚ್ಚಾಗಿ ಮೇಲಿನ ಒಂದು ಅಡಿ ಮಣ್ಣಿನಲ್ಲೇ ಇರುತ್ತವೆ. ದಪ್ಪ ಪಕ್ಕದ ಬೇರುಗಳೂ ಬಹುಪಾಲು ಎರಡು ಅಡಿಯೊಳಗೆ. ಅಗಲದಲ್ಲಿ ಮಾತ್ರ ಅವು ಕೊಂಬೆಗಳ ನೆರಳನ್ನೂ ದಾಟಿ ಹೋಗುತ್ತವೆ. ನೀವು ಗುದ್ದಲಿ ಹಾಕುವ ಆ ಒಂದೆರಡು ಅಡಿಯಲ್ಲೇ ಪಕ್ಕದ ಮರದ ಊಟವೂ ಇದೆ, ಕಾಲೂ ಇದೆ.

1. ಯಾವ ಮರದ ಬೊಡ್ಡೆ ಅಂತ ಮೊದಲು ತಿಳಿಯಿರಿ

ನೀಲಗಿರಿ, ಸುಬಾಬುಲ್, ತೇಗ, ಅತ್ತಿ, ಆಲ, ನುಗ್ಗೆ ಇವೆಲ್ಲ ಕಡಿದಷ್ಟೂ ಚಿಗುರುವ ಜಾತಿ. ಬೊಡ್ಡೆಯಿಂದ ಮತ್ತೆ ಬರುವ ಈ ಚಿಗುರನ್ನು ಕೂಳೆ ಚಿಗುರು ಎನ್ನುತ್ತಾರೆ. ಇವನ್ನು ಕೊಲ್ಲದೆ ಕೊಳೆಸಲು ಆಗುವುದಿಲ್ಲ. ತೆಂಗು, ಅಡಿಕೆ ಹಾಗಲ್ಲ. ಸುಳಿ ಹೋದರೆ ಮುಗಿಯಿತು, ಬೊಡ್ಡೆ ಚಿಗುರುವ ಪ್ರಶ್ನೆಯೇ ಇಲ್ಲ.

ಮೂರನೆಯ ಗುಂಪು ಸ್ವಲ್ಪ ಕಿರಿಕಿರಿಯದ್ದು. ಆಕಾಶಮಲ್ಲಿಗೆ, ಬಿಲ್ವ, ಹೊಂಗೆ, ಬೇವು ಇವುಗಳ ಬೇರಿಗೆ ಪೆಟ್ಟಾದರೆ ಆ ಬೇರಿನಿಂದಲೇ ಹೊಸ ಸಸಿ ಏಳಬಹುದು. ಆಕಾಶಮಲ್ಲಿಗೆಯಂತೂ ಇದಕ್ಕೇ ಹೆಸರುವಾಸಿ. ಒಂದು ಬೊಡ್ಡೆ ಅಗೆದು ಬೇರು ಚೂರು ಮಾಡಿ ಬಿಟ್ಟರೆ ಅಂಗಳದ ತುಂಬ ಸಸಿ. ಇವುಗಳ ಬೇರನ್ನು ಸುಮ್ನೆ ಕೆದಕಬೇಡಿ.

ಕಾನೂನಿನ ಮಾತೂ ಇಲ್ಲೇ ಮುಗಿಸೋಣ. ಮರ ಇನ್ನೂ ನಿಂತಿದ್ದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಕಡಿಯಲು ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವು ಜಾತಿಗೆ ವಿನಾಯಿತಿ ಇದೆ. ಶ್ರೀಗಂಧದ ವಿಷಯ ಬೇರೆಯೇ. ಅದರ ಎಣ್ಣೆ ಬೊಡ್ಡೆ ಮತ್ತು ಬೇರಿನಲ್ಲೂ ಇರುವುದರಿಂದ ಬೊಡ್ಡೆಗೂ ಬೆಲೆ ಇದೆ, ಅದಕ್ಕೆ ತಕ್ಕ ಕಾನೂನೂ ಇದೆ. ಗಂಧ, ಬೀಟೆ, ತೇಗದ ಬೊಡ್ಡೆ ಮುಟ್ಟುವ, ಸಾಗಿಸುವ ಮುನ್ನ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ.

2. ಬೊಡ್ಡೆಯ ಮೇಲೆ ಅಣಬೆ ಇದೆಯಾ ನೋಡಿ

ಇಡೀ ಕೆಲಸದ ದಾರಿ ತೀರ್ಮಾನ ಆಗುವುದು ಇಲ್ಲಿ. ತೆಂಗು, ಅಡಿಕೆ ತೋಟದಲ್ಲಿ ಅಣಬೆ ರೋಗ ಅಂತ ಕರೆಯುವುದು ಗ್ಯಾನೊಡರ್ಮಾ ಎಂಬ ಶಿಲೀಂಧ್ರದಿಂದ ಬರುವ ಬುಡ ಕೊಳೆ. ಮರ ಸಾಯುವ ಮೊದಲು ಬುಡದ ಬಿರುಕಿನಿಂದ ಕೆಂಪುಮಿಶ್ರಿತ ಕಂದು ರಸ ಸೋರುತ್ತದೆ. ಆಮೇಲೆ ಬುಡದಲ್ಲಿ ಅರ್ಧ ತಟ್ಟೆ ಅಂಟಿಸಿದ ಹಾಗೆ, ಮೇಲ್ಭಾಗ ಹೊಳಪಿನ ಕಂದು, ಅಂಚು ಬಿಳಿ ಇರುವ ಗಟ್ಟಿ ಅಣಬೆ ಏಳುತ್ತದೆ. ಮುಟ್ಟಿದರೆ ಮರದಷ್ಟೇ ಗಟ್ಟಿ. ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ಏಳುವ ಮೆತ್ತನೆಯ ಬಿಳಿ ಅಣಬೆ ಇದಲ್ಲ. ಅವು ಪಾಪ, ಸತ್ತ ಮರವನ್ನು ತಿಂದು ನಿಮ್ಮ ಕೆಲಸವನ್ನೇ ಮಾಡುತ್ತಿರುತ್ತವೆ.

ಗ್ಯಾನೊಡರ್ಮಾ ಹರಡುವುದು ಬೇರಿನಿಂದ ಬೇರಿಗೆ, ಮಣ್ಣಿನ ಮೂಲಕ. ಬೊಡ್ಡೆ ಅದಕ್ಕೆ ಉಗ್ರಾಣ. ಈ ಬೊಡ್ಡೆಯನ್ನು ಕೊಳೆಯಲು ಬಿಡಬಾರದು. ಬುಡದ ಗಡ್ಡೆ, ಬೇರಿನ ಚೂರು ಎಲ್ಲ ಸೇರಿಸಿ ಕಿತ್ತು ಸುಡಬೇಕು. ಅಗೆಯುವ ಮೊದಲು ಸುತ್ತ 3-4 ಅಡಿ ದೂರದಲ್ಲಿ, 2 ಅಡಿ ಆಳ, 1 ಅಡಿ ಅಗಲದ ಪ್ರತ್ಯೇಕತಾ ಕಂದಕ ತೆಗೆಯಿರಿ. ಅಂದರೆ ರೋಗದ ಬೇರು ಒಳ್ಳೆ ಮರದ ಬೇರನ್ನು ಮುಟ್ಟದಂತೆ ನಡುವೆ ಒಂದು ಗುಂಡಿ. ರೋಗದ ಮರದ ಬುಡದಿಂದ ಹರಿದ ನೀರು ಪಕ್ಕದ ಮರಗಳ ಪಾತಿಗೆ ಹೋಗಬಾರದು. ಸುತ್ತಲಿನ ಮರಗಳಿಗೆ ಟ್ರೈಕೊಡರ್ಮಾ ಬೆರೆಸಿದ ಬೇವಿನ ಹಿಂಡಿ, ಮರಕ್ಕೆ 5 ಕಿಲೋದಂತೆ ಕೊಡುವುದು ರೂಢಿ. ಟ್ರೈಕೊಡರ್ಮಾ ಅಂದರೆ ಕೆಟ್ಟ ಶಿಲೀಂಧ್ರವನ್ನು ಅಡಗಿಸುವ ಒಳ್ಳೆಯ ಶಿಲೀಂಧ್ರ.

ಕಾಫಿ ತೋಟದವರಿಗೂ ಇದು ಹೊಸತಲ್ಲ. ನೆರಳಿನ ಮರ ಕಡಿದ ಬೊಡ್ಡೆಯಲ್ಲಿ ಬೇರು ರೋಗ ಬೀಡುಬಿಟ್ಟು ಪಕ್ಕದ ಕಾಫಿ ಗಿಡಕ್ಕೆ ದಾಟುತ್ತದೆ. ಅದಕ್ಕೇ ತಿಳಿದವರು ಮರ ಕಡಿಯುವ ಮೊದಲು ಕಾಂಡದ ಸುತ್ತ ಒಂದು ಪಟ್ಟಿ ತೊಗಟೆ ಸುಲಿದು, ಮರ ನಿಂತಲ್ಲೇ ಒಣಗಲು ಬಿಡುತ್ತಾರೆ. ಬೇರಿನಲ್ಲಿ ಕೂಡಿಟ್ಟ ಪಿಷ್ಟ ಖಾಲಿಯಾಗುತ್ತದೆ, ಶಿಲೀಂಧ್ರಕ್ಕೆ ಊಟ ಸಿಗುವುದಿಲ್ಲ. ತೊಗಟೆ ಸುಲಿಯುವುದೂ ಮರಕ್ಕೆ ಹಾನಿ ಮಾಡಿದ ಲೆಕ್ಕ, ಹಾಗಾಗಿ ಅನುಮತಿ ಬೇಕಾದ ಜಾತಿಗೆ ಅನುಮತಿ ಪಡೆದೇ ಮಾಡಿ. ಮನೆ, ದಾರಿ, ವಿದ್ಯುತ್ ತಂತಿ ಹತ್ತಿರ ಇದ್ದರೆ ಇದು ಬೇಡ. ಒಣಗಿದ ಮರ ಯಾವಾಗ ಬೀಳುತ್ತದೋ ಹೇಳಲಾಗದು.

3. ಒಂದು ದಾರದಿಂದ ಗೆರೆ ಹಾಕಿ

ಉಳಿಸಬೇಕಾದ ಮರದ ಎದೆಮಟ್ಟದಲ್ಲಿ ದಾರ ಸುತ್ತಿ, ಒಂದು ಸುತ್ತಿಗೆ ಸರಿಯಾಗಿ ಕತ್ತರಿಸಿ. ಈ ದಾರವೇ ನಿಮ್ಮ ಅಳತೆಕೋಲು.

ಮರದ ಬುಡದಿಂದ ಒಂದು ದಾರದ ದೂರದೊಳಗೆ ಯಾವ ಬೇರನ್ನೂ ಕತ್ತರಿಸಬಾರದು. ಮರವನ್ನು ನಿಲ್ಲಿಸಿರುವ ಆಧಾರ ಬೇರುಗಳು ಅಲ್ಲಿವೆ. ನಾಲ್ಕು ದಾರದ ದೂರದೊಳಗೆ ಯಂತ್ರ ಬರಬಾರದು, ಕೈಕೆಲಸ ಮಾತ್ರ. ಉದಾಹರಣೆಗೆ ಮಾವಿನ ಮರದ ಸುತ್ತಳತೆ 4 ಅಡಿ ಇದ್ದರೆ 4 ಅಡಿಯೊಳಗೆ ಬೇರು ಮುಟ್ಟಬೇಡಿ, 16 ಅಡಿಯೊಳಗೆ ಜೇಸಿಬಿ ಬೇಡ. ನಡುವಿನ ಜಾಗದಲ್ಲಿ ಹೆಬ್ಬೆರಳಿಗಿಂತ ಸಣ್ಣ ಬೇರು ಕತ್ತರಿಸಬಹುದು. ಅದಕ್ಕಿಂತ ದಪ್ಪದ್ದು ಅಡ್ಡ ಬಂದರೆ ಬದಿಯಿಂದ ಅಥವಾ ಅಡಿಯಿಂದ ಮಣ್ಣು ತೆಗೆದು ಹಾದುಹೋಗಿ.

ತೆಂಗು, ಅಡಿಕೆಗೆ ಈ ಲೆಕ್ಕ ಹೊಂದುವುದಿಲ್ಲ. ಅವುಗಳದ್ದು ನಾರುಬೇರು, ತಾಯಿಬೇರು ಇಲ್ಲ. ತೆಂಗಿಗೆ ಬುಡದಿಂದ ಸುಮಾರು 6 ಅಡಿ, ಅಂದರೆ ನಾವು ಪಾತಿ ಮಾಡುವಷ್ಟು ಜಾಗ ಬಿಡಿ. ಅಡಿಕೆಯ ಬೇರು ಬಹುಪಾಲು ಬುಡದಿಂದ ಒಂದೂವರೆ ಎರಡು ಅಡಿಯೊಳಗೇ ಇರುವುದರಿಂದ 2 ಅಡಿ ಬಿಟ್ಟರೆ ಸಾಕು. 9 ಅಡಿ ಅಂತರದ ಅಡಿಕೆ ತೋಟದ ನಡುವೆ ಇರುವ ಸಿಲ್ವರ್ ಓಕ್ ಬೊಡ್ಡೆಯನ್ನು ಕೈಯಿಂದ ತೆಗೆಯಲು ಜಾಗ ಸಿಗುತ್ತದೆ. ಜೇಸಿಬಿ ತಿರುಗಲು ಸಿಗುವುದಿಲ್ಲ.

ಗೆರೆಯನ್ನು ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಎಳೆದುಬಿಡಿ. ಬಾಯಲ್ಲಿ ಹೇಳಿದ ಗೆರೆ ಕೆಲಸದವರಿಗೆ ಮಧ್ಯಾಹ್ನದ ಹೊತ್ತಿಗೆ ಮರೆತುಹೋಗಿರುತ್ತದೆ.

4. ಕಾಲ ನೋಡಿ ಕೈ ಹಾಕಿ

ಅಗೆಯುವ ಕೆಲಸಕ್ಕೆ ನವೆಂಬರಿನಿಂದ ಜನವರಿ ಒಳ್ಳೆಯದು. ಮಣ್ಣಿನಲ್ಲಿ ಹದ ಇರುತ್ತದೆ, ಜೋರು ಗಾಳಿ ಇರುವುದಿಲ್ಲ. ಮೇ ತಿಂಗಳಲ್ಲಿ ಅಗೆಯುವುದು ನನಗೆ ಸುತರಾಂ ಇಷ್ಟವಿಲ್ಲ. ಬೇರು ಕಳೆದುಕೊಂಡ ಮರ ಚೇತರಿಸಿಕೊಳ್ಳುವ ಮೊದಲೇ ಜೂನ್ ಬರುತ್ತದೆ. ಪಶ್ಚಿಮದಿಂದ ಬೀಸುವ ಗಾಳಿ, ನೆನೆದು ಮೆತ್ತಗಾದ ಮಣ್ಣು, ಒಂದು ಬದಿಯಲ್ಲಿ ಬೇರಿಲ್ಲದ ಮರ. ಆಮೇಲೆ ಇನ್ನೊಂದು ಬೊಡ್ಡೆ ತೆಗೆಯುವುದು ಹೇಗೆ ಅಂತ ಕೇಳಬೇಕಾಗುತ್ತದೆ, ಅಲ್ವಾ?

ಕೊಳೆಸುವ ಕೆಲಸಕ್ಕೆ ಇದು ಉಲ್ಟಾ. ಮೇ ಕೊನೆಯಲ್ಲಿ ತೂತು ಕೊರೆದು ತಯಾರು ಮಾಡಿದರೆ ಮಳೆಗಾಲದ ತೇವ ಬಿಟ್ಟಿ ಸಿಗುತ್ತದೆ.

ಮರ ಇನ್ನೂ ಕಡಿದಿಲ್ಲವೇ? ಹಾಗಿದ್ದರೆ ಕಡಿಯುವವರಿಗೆ ಈಗಲೇ ಹೇಳಿ. ಬೊಡ್ಡೆ ಕೊಳೆಸುವ ಯೋಚನೆ ಇದ್ದರೆ ನೆಲಕ್ಕೆ ಸಮ ಕತ್ತರಿಸಲಿ. ಕೀಳುವ ಯೋಚನೆ ಇದ್ದರೆ 3-4 ಅಡಿ ಎತ್ತರ ಬಿಡಲಿ. ಆ ಉದ್ದವೇ ಎಳೆಯುವಾಗ ಸನ್ನೆಕೋಲಿನ ಕೆಲಸ ಮಾಡುತ್ತದೆ. ಗಿಡ್ಡಕ್ಕೆ ಕಡಿದುಬಿಟ್ಟರೆ ಎಳೆಯಲು ಹಿಡಿತವೇ ಸಿಗುವುದಿಲ್ಲ. ಹೆಚ್ಚಿನವರು ಈ ತಪ್ಪು ಮಾಡಿಯೇ ಆಮೇಲೆ ಪ್ರಶ್ನೆ ಕೇಳುವುದು.

5. ಸಾಮಾನು

ಗುದ್ದಲಿ, ಪಿಕಾಸಿ, ಹಾರೆ, ಕೊಡಲಿ, ಮರ ಕತ್ತರಿಸುವ ಗರಗಸ, ಮಣ್ಣು ಹೊರಲು ಬಾಣಲಿ, ಐದಾರು ಹಳೆ ಗೋಣಿಚೀಲ. ತೋಟದ ಮೋಟಾರಿನ ನೀರು, ಉದ್ದನೆಯ ಪೈಪು. ಕೊಳೆಸುವುದಾದರೆ ಬೈರಿಗೆ, ಇಲ್ಲವೇ ಉದ್ದ ಬಿಟ್ ಇರುವ ಡ್ರಿಲ್. ಎಳೆಯುವುದಾದರೆ ಚೈನ್ ಪುಲ್ಲಿ. ಕಾಲಿಗೆ ಬೂಟು, ಕಣ್ಣಿಗೆ ಕನ್ನಡಕ. ಪೊಳ್ಳು ಬೊಡ್ಡೆಯಾದರೆ ಮೊದಲು ಕೋಲಿನಿಂದ ತಟ್ಟಿ ಸ್ವಲ್ಪ ಕಾಯಿರಿ. ಹಾವು, ಚೇಳಿಗೆ ಅದಕ್ಕಿಂತ ಒಳ್ಳೆ ಮನೆ ಇಲ್ಲ.

6. ರೋಗವಿಲ್ಲದ ಬೊಡ್ಡೆ: ತಗ್ಗಿಗೆ ಕತ್ತರಿಸಿ ಕೊಳೆಸುವುದು

ಬೊಡ್ಡೆಯ ಸುತ್ತ ಒಂದು ಅಡಿ ಅಗಲ, ಮುಕ್ಕಾಲು ಅಡಿ ಆಳ ಮಣ್ಣು ತೆಗೆಯಿರಿ. ನೀರು ಹಾಯಿಸಿ ಬೊಡ್ಡೆ ತೊಳೆಯಿರಿ. ಮಣ್ಣು, ಕಲ್ಲು ಅಂಟಿಕೊಂಡಿದ್ದರೆ ಚೈನ್‌ಸಾದ ಹಲ್ಲು ಕ್ಷಣದಲ್ಲಿ ಮೊಂಡಾಗುತ್ತದೆ, ಎದುರಿಗೆ ಚಿಮ್ಮುವ ಅಪಾಯವೂ ಇದೆ. ಹಳೆ ಬೇಲಿ ಮರವಾದರೆ ಮೊಳೆ, ತಂತಿ ಒಳಗೆ ಸೇರಿಕೊಂಡಿರುತ್ತದೆ, ನೋಡಿಕೊಳ್ಳಿ. ನೆಲಮಟ್ಟದಿಂದ ಅರ್ಧ ಅಡಿ ಕೆಳಗೆ ಅಡ್ಡಕ್ಕೆ ಕತ್ತರಿಸಿ.

ಆಮೇಲೆ ಮೇಲ್ಮೈಯಲ್ಲಿ ಮುಕ್ಕಾಲರಿಂದ ಒಂದು ಇಂಚು ಅಗಲದ ತೂತುಗಳನ್ನು 3-4 ಇಂಚಿಗೊಂದರಂತೆ, 8-10 ಇಂಚು ಆಳಕ್ಕೆ ಕೊರೆಯಿರಿ. ಹಸಿ ಸಗಣಿ, ಸ್ವಲ್ಪ ಬೆಲ್ಲ, ಒಂದು ಹಿಡಿ ಯೂರಿಯಾ ಸೇರಿಸಿ ಬಗ್ಗಡ ಮಾಡಿ ತೂತಿಗೆ ಸುರಿಯಿರಿ. ಮರ ಕೊಳೆಸುವ ಶಿಲೀಂಧ್ರಕ್ಕೆ ತೇವ, ಗಾಳಿ, ಸಾರಜನಕ ಮೂರೂ ಬೇಕು. ಮರದಲ್ಲಿ ಸಾರಜನಕ ತೀರಾ ಕಡಿಮೆ, ಯೂರಿಯಾ ಆ ಕೊರತೆ ತುಂಬುತ್ತದೆ. ಅದರಲ್ಲಿ 46% ಸಾರಜನಕವೇ. ಹಾಗಂತ ಬೊಗಸೆ ಬೊಗಸೆ ಹಾಕಬೇಡಿ. ಹೆಚ್ಚಾದದ್ದು ಕರಗಿ ಪಕ್ಕದ ಗಿಡದ ಹೀರುಬೇರು ಸುಡುತ್ತದೆ. ಮೇಲೆ ಒದ್ದೆ ಗೋಣಿ ಹಾಸಿ, ಅದರ ಮೇಲೆ ಮಣ್ಣು ಎಳೆಯಿರಿ. ಸಿಮೆಂಟು, ಡಾಂಬರು ಮೆತ್ತಿ ಮುಚ್ಚಬೇಡಿ. ಗಾಳಿ ಹೋಗದಿದ್ದರೆ ಕೊಳೆಯುವುದು ನಿಲ್ಲುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಕೊಡಿ.

ಎಷ್ಟು ದಿನ ಬೇಕು? ನುಗ್ಗೆ, ಬೂರುಗ, ಗುಲ್‌ಮೊಹರ್ ಥರದ ಮೆದು ಮರ ಒಂದೆರಡು ವರ್ಷದಲ್ಲಿ ಹಾರೆ ಹಾಕಿದರೆ ಪುಡಿಯಾಗುತ್ತದೆ. ತೇಗ, ಬೀಟೆ, ಹುಣಸೆ, ಹಲಸಿನ ಕೆಚ್ಚಿಗೆ (ಕಾಂಡದ ಒಳಗಿನ ಗಟ್ಟಿ ಬಣ್ಣದ ಭಾಗ) ಈ ಬಗ್ಗಡ ಲೆಕ್ಕಕ್ಕೇ ಇಲ್ಲ. ವರ್ಷಗಟ್ಟಲೆ ಹಾಗೇ ಇರುತ್ತದೆ. ಆದರೆ ಅರ್ಧ ಅಡಿ ಮಣ್ಣಿನಡಿ ಇದ್ದರೆ ಇರಲಿ ಬಿಡಿ, ಮೇಲೆ ಹುಲ್ಲು ಬೆಳೆಯುತ್ತದೆ, ನಿಮಗೇನು ತೊಂದರೆ?

ಚಿಗುರುವ ಜಾತಿಯಾದರೆ ಇನ್ನೊಂದು ಕೆಲಸ ಇದೆ. ಚಿಗುರು ಬರುವುದು ತೊಗಟೆಯ ಅಡಿಯಿಂದ. ಕಡಿದ ತಕ್ಷಣ, ಬೊಡ್ಡೆ ಇನ್ನೂ ಹಸಿ ಇರುವಾಗ ಕೊಡಲಿಯ ಹಿಂಬದಿಯಿಂದ ಬಡಿದು ತೊಗಟೆ ಸಡಿಲ ಮಾಡಿ, ಮಣ್ಣಿನ ಕೆಳಗಿನವರೆಗೂ ಸುಲಿದುಬಿಡಿ. ನೀಲಗಿರಿಯಲ್ಲಿ ಇದೊಂದರಿಂದಲೇ ಚಿಗುರು ತುಂಬಾ ಕಡಿಮೆಯಾಗುತ್ತದೆ. ಮತ್ತೂ ಬಂದದ್ದನ್ನು ಗೇಣುದ್ದ ಆಗುವ ಮೊದಲೇ ಮುರಿಯಿರಿ. ಎಲೆ ಬಲಿಯಲು ಬಿಟ್ಟರೆ ಬೇರಿಗೆ ಮತ್ತೆ ಊಟ ಹೋಗುತ್ತದೆ. ಎಲೆ ಬಲಿಯದಂತೆ ಮುರಿಯುತ್ತಾ ಹೋದರೆ ಬೇರಿನ ದಾಸ್ತಾನು ಮುಗಿದು ಬೊಡ್ಡೆ ಸಾಯುತ್ತದೆ. ಬೇಸರದ ಕೆಲಸವೇ, ಆದರೆ ಪಕ್ಕದ ಮರಕ್ಕೆ ಇದರಷ್ಟು ಸುರಕ್ಷಿತ ದಾರಿ ಬೇರೆ ಇಲ್ಲ.

ಎಚ್ಚರಿಕೆ: ಮನೆ ಗೋಡೆಗೆ ಅಂಟಿದ ಬೊಡ್ಡೆಯನ್ನು ಕೊಳೆಯಲು ಬಿಡಬೇಡಿ. ಗೆದ್ದಲು ಬರುತ್ತದೆ, ಅಲ್ಲಿಂದ ಬಾಗಿಲ ಚೌಕಟ್ಟಿಗೆ ದೂರ ಇಲ್ಲ.

7. ಕೀಳಲೇಬೇಕಾದರೆ: ಕೈಯಿಂದ ಅಗೆಯುವ ಕ್ರಮ

ಹಿಂದಿನ ದಿನ ಸಂಜೆ ಚೆನ್ನಾಗಿ ನೀರು ಬಿಡಿ. ಮರುದಿನ ಬೆಳಗ್ಗೆ, ಉಳಿಸಬೇಕಾದ ಮರ *ಇಲ್ಲದ* ಬದಿಯಿಂದ ಶುರು ಮಾಡಿ. ಬೊಡ್ಡೆಯಿಂದ ಒಂದೂವರೆ ಅಡಿ ದೂರದಲ್ಲಿ ಗುಂಡಿ ಇಳಿಸುತ್ತಾ ಬನ್ನಿ. ಒಳ್ಳೆ ಮರದ ಬದಿಗೆ ಬಂದಾಗ ಪಿಕಾಸಿ ಕೆಳಗಿಡಿ. ಅಲ್ಲಿ ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನೀರು ಚಿಮ್ಮಿಸಿ ಮಣ್ಣು ಕರಗಿಸಿ. ಕೆಂಪು ಮಣ್ಣು, ಗೋಡು ಮಣ್ಣಿನಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಬೇರು ಒಂದೂ ಹರಿಯದೆ ಬೆತ್ತಲಾಗಿ ಕಾಣುತ್ತದೆ. ಜಂಬಿಟ್ಟಿಗೆ ನೆಲದಲ್ಲಿ ಆಗುವುದಿಲ್ಲ, ಸಣ್ಣ ಹಾರೆಯಿಂದ ನಿಧಾನ ಬಿಡಿಸಬೇಕು.

ಈಗ ಯಾರ ಬೇರು ಯಾರದ್ದು ಅಂತ ಗೊತ್ತಾಗಬೇಕು. ಕೆಲವರು ಉಗುರಿನಿಂದ ಕೆರೆದು ಒಳಗೆ ಹಸಿ ಇದ್ದರೆ ಒಳ್ಳೆ ಮರದ್ದು, ಒಣಗಿದ್ದರೆ ಬೊಡ್ಡೆಯದ್ದು ಅನ್ನುತ್ತಾರೆ. ನಂಬಬೇಡಿ. ಹೊಸದಾಗಿ ಕಡಿದ ಮರದ ಬೇರು ತಿಂಗಳುಗಟ್ಟಲೆ ಹಸಿಯಾಗೇ ಇರುತ್ತದೆ. ಬಣ್ಣ, ವಾಸನೆ ನೋಡಿ. ಹಲಸಿನ ಬೇರಿನ ಮೇಲ್ಸಿಪ್ಪೆ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ, ಕೆರೆದರೆ ಬಿಳಿ ಹಾಲು. ಮಾವಿನ ಬೇರು ಕಂದು, ಮೂಗಿಗೆ ಹಿಡಿದರೆ ಸೊನೆಯ ವಾಸನೆ. ತೆಂಗಿನ ಬೇರಿಗೆ ಕವಲು ಕಡಿಮೆ. ಬೆರಳಷ್ಟೇ ದಪ್ಪ, ಉದ್ದಕ್ಕೂ ಒಂದೇ ಗಾತ್ರ, ಕೆಂಪು ಕಂದು, ತುದಿ ಬಿಳಿ. ಅಡಿಕೆಯದ್ದೂ ಹಾಗೇ, ಇನ್ನೂ ಸಣ್ಣ. ಆದರೂ ಅನುಮಾನ ಇದ್ದರೆ ಬೇರನ್ನು ಹಿಡಿದುಕೊಂಡು ಮಣ್ಣು ಬಿಡಿಸುತ್ತಾ ಒಂದೆರಡು ಅಡಿ ಹೋಗಿ. ದಪ್ಪವಾಗುತ್ತಾ ಯಾವ ಕಡೆ ಹೋಗುತ್ತದೋ ಅದೇ ಅದರ ಮನೆ.

ಬೊಡ್ಡೆಯ ಬೇರನ್ನು *ಬೊಡ್ಡೆಯ ಹತ್ತಿರವೇ* ಕತ್ತರಿಸಿ. ಉಳಿದ ತುಂಡು ಮಣ್ಣಿನಲ್ಲೇ ಇರಲಿ, ಎಳೆದು ತೆಗೆಯಲು ಹೋಗಬೇಡಿ. ಅದರ ಜೊತೆ ಹೆಣೆದುಕೊಂಡ ಒಳ್ಳೆ ಬೇರುಗಳೂ ಕಿತ್ತು ಬರುತ್ತವೆ. ಅಣಬೆ ರೋಗದ ಬೊಡ್ಡೆಗೆ ಮಾತ್ರ ಈ ಸಡಿಲಿಕೆ ಇಲ್ಲ. ಕಂದಕದ ಒಳಗೆ ಸಿಕ್ಕ ಚೂರನ್ನೆಲ್ಲ ಆರಿಸಿ.

ಒಳ್ಳೆ ಮರದ ಬೇರು ಹೊರಗೆ ಬಂದರೆ ತಕ್ಷಣ ಒದ್ದೆ ಗೋಣಿ ಸುತ್ತಿ. ಕೂದಲಿನಂಥ ಹೀರುಬೇರು ಬಿಸಿಲಿಗೆ ಬಿದ್ದರೆ ಬೇಗ ಸಾಯುತ್ತದೆ. ತೆರೆದ ಗುಂಡಿಯನ್ನು ರಾತ್ರಿ ದಾಟಿಸಬೇಡಿ. ಅವತ್ತು ಮುಗಿಯುವಷ್ಟೇ ಅಗೆಯಿರಿ. ಕೈತಪ್ಪಿ ದಪ್ಪ ಬೇರಿಗೆ ಪೆಟ್ಟಾಗಿ ಸಿಗಿದಿದ್ದರೆ, ಸಿಗಿದ ತುದಿಯನ್ನು ಹರಿತವಾದ ಗರಗಸದಿಂದ ನೇರಕ್ಕೆ ಕತ್ತರಿಸಿ. ಬಣ್ಣ, ಡಾಂಬರು ಬಳಿಯುವುದು ಬೇಡ. ಮಣ್ಣು ಮುಚ್ಚಿದರೆ ಸಾಕು.

ಸುತ್ತಲಿನ ಬೇರೆಲ್ಲ ತುಂಡಾದ ಮೇಲೂ ತಾಯಿಬೇರು ಹಿಡಿದಿದ್ದರೆ ಚೈನ್ ಪುಲ್ಲಿ ಹಾಕಿ. ಇಲ್ಲಿ ಎರಡು ತಪ್ಪು ಎಲ್ಲರೂ ಮಾಡುತ್ತಾರೆ.

ಒಂದು, ಎಳೆಯುವ ದಿಕ್ಕು. ಒಳ್ಳೆ ಮರದಿಂದ ದೂರಕ್ಕೆ ಎಳೆದರೆ ಕ್ಷೇಮ ಅನ್ನಿಸುತ್ತದೆ. ಆದರೆ ಬೊಡ್ಡೆ ಮಗುಚುವಾಗ ಎಳೆತದ ಹಿಂಬದಿಯ ಬೇರು ಮೇಲಕ್ಕೆದ್ದು ನೆಲ ಸೀಳುತ್ತದೆ, ಆ ಹಿಂಬದಿಯೇ ಒಳ್ಳೆ ಮರದ ಬದಿ. ಹಾಗಾಗಿ ಆ ಬದಿಯ ಬೇರುಗಳನ್ನು ಮೊದಲೇ ಪೂರ್ತಿ ಕತ್ತರಿಸಿರಬೇಕು, ಎಳೆತ ಪಕ್ಕಕ್ಕೆ, ಅಡ್ಡಡ್ಡ ಇರಬೇಕು.

ಎರಡು, ಪುಲ್ಲಿಯ ಇನ್ನೊಂದು ತುದಿ. ಕೈಗೆ ಸಿಕ್ಕ ಒಳ್ಳೆ ಮರಕ್ಕೇ ಚೈನ್ ಬಿಗಿಯುತ್ತಾರೆ. ಚೈನ್ ತೊಗಟೆಯನ್ನು ಅರೆದುಬಿಡುತ್ತದೆ. ಸುತ್ತಲೂ ತೊಗಟೆ ಜಜ್ಜಿದರೆ ಆ ಮರವೂ ಒಣಗುತ್ತದೆ. ಬೇರೆ ಬೊಡ್ಡೆಗೋ ಬಂಡೆಗೋ ಕಟ್ಟಿ. ಎಳೆಯುವಾಗ ಚೈನಿನ ನೇರಕ್ಕೆ ಯಾರೂ ನಿಲ್ಲಬಾರದು.

8. ತೆಂಗಿನ ಬೊಡ್ಡೆಗೆ ಬೇರೆ ಲೆಕ್ಕ

ತೆಂಗಿನ ಬುಡ ಮಣ್ಣಿನಡಿ ದೊಡ್ಡ ಗಡ್ಡೆಯ ಹಾಗೆ ಉಬ್ಬಿ, ಸುತ್ತ ಸಾವಿರಾರು ಹುರಿಬೇರು ಬಿಟ್ಟಿರುತ್ತದೆ. ಬುಡದ ಸುತ್ತ ಒಂದೂವರೆ ಎರಡು ಅಡಿ ಅಗಲ ಅಗೆದು, ಹರಿತ ಕೊಡಲಿಯಿಂದ ಬೇರು ಕತ್ತರಿಸುತ್ತಾ ಸುತ್ತು ಬಂದರೆ ಗಡ್ಡೆ ಸಡಿಲವಾಗುತ್ತದೆ. ಪಕ್ಕದ ತೆಂಗಿನ ಬೇರು ಒಂದಷ್ಟು ತುಂಡಾದರೂ ಗಾಬರಿ ಬೇಡ. ಬುಡದಿಂದ ಹೊಸ ಬೇರು ಬರುತ್ತಲೇ ಇರುತ್ತವೆ.

ಆದರೆ ತೆಂಗಿನ ತೋಟದಲ್ಲಿ ತೆಂಗಿನ ಬೊಡ್ಡೆ, ದಿಮ್ಮಿ ಕೊಳೆಯಲು ಬಿಡುವುದು ನನಗೆ ಒಪ್ಪಿಗೆ ಇಲ್ಲ. ರೈನಾಸರಸ್ ದುಂಬಿ (ಕೆಲವೆಡೆ ಕುರುವಾಯಿ) ಮೊಟ್ಟೆ ಇಡುವುದು ಕೊಳೆತ ತೆಂಗಿನ ಕಾಂಡ ಮತ್ತು ತಿಪ್ಪೆಯಲ್ಲಿ. ಅಲ್ಲಿ ಬೆಳೆದ ದುಂಬಿ ಪಕ್ಕದ ಮರದ ಸುಳಿ ಕೊರೆಯುತ್ತದೆ. ಆಮೇಲೆ ಬಿಚ್ಚಿದ ಗರಿ ಕತ್ತರಿ ಆಡಿಸಿದ ಹಾಗೆ ಕಾಣುತ್ತದೆ. ಕಿತ್ತ ಗಡ್ಡೆಯನ್ನು ಸೀಳಿ, ಒಣಗಿಸಿ, ನೀರೊಲೆಗೆ ಹಾಕಿ. ಕೀಳಲು ಆಗದಿದ್ದರೆ ಕೊಳೆಯುವ ಬೊಡ್ಡೆಗೆ ಮೆಟಾರೈಜಿಯಂ ಹಾಕಿ. ದುಂಬಿಯ ಮರಿಹುಳುಗಳಿಗೆ ರೋಗ ತರುವ ಹಸಿರು ಶಿಲೀಂಧ್ರ ಅದು. ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳುವೂ (ತೆಂಗಿನ ಕಾಂಡ ಕೊರೆಯುವ ಕೀಟ) ಬರುತ್ತದೆ. ಪಕ್ಕದ ತೆಂಗಿನ ಕಾಂಡಕ್ಕೆ ಕೊಡಲಿ ತಾಗದಂತೆ ನೋಡಿಕೊಳ್ಳಿ.

9. ಜೇಸಿಬಿ ಕರೆಸುವುದಾದರೆ

ಅರ್ಧ ಗಂಟೆ ಕೆಲಸ ಅಂತ ಎಲ್ಲರಿಗೂ ಆಸೆ. ಬಕೆಟ್ಟು ಬೇರನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಹರಿದದ್ದು ಮಣ್ಣಿನೊಳಗೆ ಒಳ್ಳೆ ಮರದ ಬುಡದವರೆಗೂ ಸೀಳಿರಬಹುದು, ಮೇಲೆ ಏನೂ ಕಾಣುವುದಿಲ್ಲ. ಜೊತೆಗೆ 7-8 ಟನ್ ಭಾರ ಒದ್ದೆ ಮಣ್ಣಿನ ಮೇಲೆ ಹೋದರೆ ನೆಲ ಇಟ್ಟಿಗೆಯಂತೆ ಬಿಗಿಯುತ್ತದೆ, ಬೇರಿಗೆ ಗಾಳಿ ಹೋಗುವುದಿಲ್ಲ. ಮರ ಅವತ್ತೇ ಸಾಯುವುದಿಲ್ಲ. ಒಂದೆರಡು ವರ್ಷ ಬಿಟ್ಟು ತುದಿಯಿಂದ ಒಣಗುತ್ತಾ ಬರುತ್ತದೆ. ಆಗ ಯಾರಿಗೂ ಜೇಸಿಬಿ ನೆನಪಿರುವುದಿಲ್ಲ.

ಅನಿವಾರ್ಯವಾದರೆ ನೆಲ ಒಣಗಿರುವಾಗ, ಒಳ್ಳೆ ಮರ ಇಲ್ಲದ ಬದಿಯಿಂದ ತನ್ನಿ. ಚಕ್ರದ ದಾರಿಗೆ ದಪ್ಪಕ್ಕೆ ಸೋಗೆ, ಅದರ ಮೇಲೆ ಹಲಗೆ ಹಾಸಿ. ಒಳ್ಳೆ ಮರದ ಬದಿಯ ಬೇರುಗಳನ್ನು ಮೊದಲು ಕೈಯಿಂದ ಕತ್ತರಿಸಿ, ಆಮೇಲೆ ಬಕೆಟ್ಟು. ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡುತ್ತಿರುತ್ತದೆ, ಅದಕ್ಕೆ ಈ ತಯಾರಿ ಹಿಂದಿನ ದಿನವೇ ಮುಗಿದಿರಲಿ. ಬೊಡ್ಡೆ ಅರೆಯುವ ಗ್ರೈಂಡರ್ ಯಂತ್ರ ನಿಮ್ಮ ಊರಿನಲ್ಲಿ ಬಾಡಿಗೆಗೆ ಸಿಕ್ಕರೆ ಅದೇ ಮೇಲು. ಅದು ಬೊಡ್ಡೆಯನ್ನಷ್ಟೇ ಪುಡಿ ಮಾಡುತ್ತದೆ.

10. ಹಾಕಬಾರದ್ದು

ಇಂಗು, ಪಾದರಸ, ಮೈಲುತುತ್ತ, ಕಲ್ಲುಪ್ಪು, ಆಸಿಡ್, ಹಳೆ ಎಂಜಿನ್ ಆಯಿಲ್. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇಂಗಿನಿಂದ ಖರ್ಚು ಬಿಟ್ಟರೆ ಬೇರೇನೂ ಆಗದು. ಉಪ್ಪು ನಿಜವಾಗಿಯೂ ಕೊಲ್ಲುತ್ತದೆ, ಆದರೆ ಬೊಡ್ಡೆಗಿಂತ ಮೊದಲು ಮಣ್ಣನ್ನು. ಮಳೆ ಬಂದಾಗ ಕರಗಿ ಪಕ್ಕದ ಬೇರಿಗೆ ಹೋಗುತ್ತದೆ. ಪಾದರಸ ಬಾವಿ ಪಕ್ಕದ ಮಣ್ಣಿಗೆ ಹಾಕುವ ವಸ್ತುವೇ ಅಲ್ಲ.

ಕಳೆನಾಶಕದ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ ಗ್ಲೈಫೋಸೇಟ್ ಎಂಬ ಕಳೆನಾಶಕದ ಬಳಕೆಯನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರಿಗೆ ಸೀಮಿತ ಮಾಡಿತು. ಅದನ್ನು ಬಿಟ್ಟರೂ ಇನ್ನೊಂದು ಅಪಾಯ ಇದೆ. ಒಂದೇ ಜಾತಿಯ ಮರಗಳು ಅಕ್ಕಪಕ್ಕ ಇದ್ದರೆ ಮಣ್ಣಿನಡಿ ಬೇರುಗಳು ಬೆಸೆದುಕೊಂಡಿರುವುದುಂಟು. ಬೊಡ್ಡೆಗೆ ಬಳಿದ ಔಷಧಿ ಆ ದಾರಿಯಲ್ಲಿ ಒಳ್ಳೆ ಮರಕ್ಕೆ ಏರುತ್ತದೆ. ಎರಡು ಅತ್ತಿ ಮರಗಳಲ್ಲಿ ಒಂದನ್ನು ಕಡಿದು ಬೊಡ್ಡೆಗೆ ಔಷಧಿ ಹಾಕುವ ಯೋಚನೆ ಇದ್ದರೆ ಕೈಬಿಡಿ.

ಬೆಂಕಿಯೂ ಬೇಡ. ಮೇಲೆ ಆರಿದ ಹಾಗೆ ಕಂಡರೂ ಒಣಗಿದ ಬೇರಿನೊಳಗೆ ಕೆಂಡ ದಿನಗಟ್ಟಲೆ ಹೊಗೆಯಾಡುತ್ತಾ ಹೋಗುತ್ತದೆ. ಸುತ್ತಲಿನ ಹೀರುಬೇರು ಬೆಂದುಹೋಗುತ್ತವೆ, ಬೇರು ಸುಟ್ಟ ಜಾಗ ಪೊಳ್ಳಾಗಿ ದನದ ಕಾಲು ಇಳಿಯುತ್ತದೆ. ರೋಗದ ಬೊಡ್ಡೆಯನ್ನೂ ಕಿತ್ತ ಮೇಲೆ, ಮರಗಳಿಂದ ದೂರ ಒಯ್ದು ಸುಡಿ.

11. ಗುಂಡಿ ಮುಚ್ಚಿದ ಮೇಲೆ

ತೆಗೆದ ಮಣ್ಣನ್ನೇ ಪದರ ಪದರವಾಗಿ ಹಾಕಿ, ಕಾಲಿನಿಂದ ಮೆಲ್ಲಗೆ ತುಳಿಯಿರಿ. ಕಟ್ಟಡದ ಕಸ ತುಂಬಬೇಡಿ. ಗರಗಸದ ಹೊಟ್ಟು, ಮರದ ಚೂರುಗಳನ್ನು ಮಣ್ಣಿಗೆ ಬೆರೆಸಿದರೆ ಅವು ಕೊಳೆಯಲು ಅಲ್ಲಿನ ಸಾರಜನಕವನ್ನೇ ಎಳೆದುಕೊಂಡು ಪಕ್ಕದ ಗಿಡದ ಎಲೆ ಹಳದಿಯಾಗುತ್ತದೆ. ಮೇಲೆ ತೆಳುವಾಗಿ ಹರಡಿ, ಒಳ್ಳೆ ಮರದ ಬುಡಕ್ಕೆ ತಾಗದಂತೆ. ಮಣ್ಣು ಮಿಕ್ಕಿದರೆ ಅದನ್ನೂ ಮರದ ಬುಡಕ್ಕೆ ಏರಿಸಬೇಡಿ. ಬುಡ ಹೂತರೆ ತೊಗಟೆ ಕೊಳೆಯುತ್ತದೆ.

ಬೇರು ಕಳೆದುಕೊಂಡ ಮರಕ್ಕೆ ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ನೀರು ಕೊಡಿ. ರಾಸಾಯನಿಕ ಗೊಬ್ಬರ ಸದ್ಯಕ್ಕೆ ಬೇಡ, ತರಗೆಲೆ ಹೊದಿಕೆ ಸಾಕು. ಭಾರ ಕಡಿಮೆ ಮಾಡುತ್ತೇವೆ ಅಂತ ಕೊಂಬೆ ಸವರುವುದೂ ಬೇಡ. ಹೊಸ ಬೇರು ಬಿಡಲು ಮರಕ್ಕೆ ಎಲೆ ಬೇಕು. ಒಣಗಿದ್ದನ್ನು ಮಾತ್ರ ತೆಗೆಯಿರಿ.

ಮುಂದಿನ ಮಳೆಗಾಲಕ್ಕೆ ಮುಚ್ಚಿದ ಜಾಗ ಕುಸಿಯುತ್ತದೆ. ನೀರು ನಿಲ್ಲದಂತೆ ಇನ್ನೆರಡು ಬಾಣಲಿ ಮಣ್ಣು ಹಾಕಿ. ಜೋರು ಗಾಳಿ ಬೀಸಿದ ಮರುದಿನ ಪಕ್ಕದ ಮರದ ಬುಡ ನೋಡಿ. ಒಂದು ಬದಿಯಲ್ಲಿ ಮಣ್ಣು ಬಿರುಕು ಬಿಟ್ಟು ಮೇಲೆದ್ದಿದ್ದರೆ ಹಿಡಿತ ಸಡಿಲವಾಗಿದೆ ಅಂತ ಅರ್ಥ. ಅಂಥ ಮರದ ಕೆಳಗೆ ಮಕ್ಕಳನ್ನು, ದನವನ್ನು ಬಿಡಬೇಡಿ. ಚಿಕ್ಕ ಮರವಾದರೆ ಗೋಣಿ ಸುತ್ತಿ ಮೂರು ಕಡೆ ಹಗ್ಗ ಕಟ್ಟಿ ನಿಲ್ಲಿಸಬಹುದು. ದೊಡ್ಡದಾದರೆ ಮರದ ಕೆಲಸ ತಿಳಿದವರನ್ನು ಕರೆಸಿ ತೋರಿಸಿ. ಕಿತ್ತ ಜಾಗದಲ್ಲಿ ಅದೇ ಜಾತಿಯ ಸಸಿಯನ್ನು ತಕ್ಷಣ ನೆಡಬೇಡಿ. ಅಣಬೆ ರೋಗ ಇದ್ದ ಗುಂಡಿಯಲ್ಲಂತೂ ತೆಂಗು, ಅಡಿಕೆ ಬೇಡ. ಬಾಳೆ ಹಾಕಿ.